ತೆಂಗಿನ ಬುಡಕ್ಕೆ ಉಪ್ಪು

ಖಾರಘರದ ಆ ಸೊಸೈಟಿಯ ನಾಲ್ಕು ಕಟ್ಟಡಗಳ ನಡುವೆ ಇದ್ದ ಹುಲ್ಲುಹಾಸು ಮಳೆಗಾಲದವರೆಗೆ ಬದುಕಿದರೆ ದೇಜಪ್ಪನಿಗೆ ಮಾಲಿಯ ಕೆಲಸವೂ ಉಂಟು, ಪಂಪ್ ಹೌಸಿನ ಹಿಂದಿನ ಕೋಣೆಯೂ ಉಂಟು. ಸತ್ತರೆ ಎರಡೂ ಇಲ್ಲ. ಕಮಿಟಿಯವರು ಇದನ್ನೇನೂ ಮುಚ್ಚುಮರೆಯಲ್ಲಿ ಹೇಳಿರಲಿಲ್ಲ. ಹೋದ ಬೇಸಗೆಯಲ್ಲಿ ಹುಲ್ಲು ಒಣಗಿ ಕಾಲೊರೆಸುವ ಚಾಪೆಯಂತಾದಾಗಲೇ ಅರ್ಧ ಜನ ಪ್ಲಾಸ್ಟಿಕ್ ಹುಲ್ಲು ಹಾಸೋಣ ಎಂದು ಎದ್ದು ನಿಂತಿದ್ದರು. ಪ್ಲಾಸ್ಟಿಕ್ಕಿಗೆ ಟ್ಯಾಂಕರ್ ನೀರೂ ಬೇಡ, ಮಾಲಿಯೂ ಬೇಡ. ಸೆಕ್ರೆಟರಿ ವಸಂತಕುಮಾರರು ಕಾಪು ಕಡೆಯವರು. ನಮ್ಮೂರವನು ಎಂದು ದೇಜಪ್ಪನನ್ನು ಕೆಲಸಕ್ಕೆ ತಂದವರೂ ಅವರೇ. "ಇನ್ನೊಂದು ಬೇಸಗೆ ನೋಡುವ" ಎಂದು ಹೇಳಿ ಹೇಗೋ ಗಡುವು ಕೊಡಿಸಿದ್ದರು. ಮೇ ತಿಂಗಳ ಎರಡನೆಯ ಭಾನುವಾರ ಮೀಟಿಂಗು, ಅಂದೇ ತೀರ್ಮಾನ.

ಕೆಲಸ ಇನ್ನೆಲ್ಲಾದರೂ ಸಿಕ್ಕೀತು. ಠಾಣೆಯ ವರ್ತಕ ನಗರದ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಲೋಟ ತೊಳೆಯುವುದರಿಂದ ಶುರುವಾಗಿ ಸಾಂಬಾರಿನ ಹಂಡೆಯ ಯಜಮಾನಿಕೆಯವರೆಗೆ ಏರಿದವನು. ಆ ಹೋಟೆಲು ಮುಚ್ಚಿದಾಗಲೂ ಉಪವಾಸ ಬಿದ್ದಿರಲಿಲ್ಲ. ಆದರೆ ಕೋಣೆ? ಮಗಳು ಮಾನಸಿಯ ಕಾಲೇಜು ಇಲ್ಲಿಂದ ಹತ್ತು ನಿಮಿಷದ ನಡಿಗೆ. ಜೂನ್ ಬಂದರೆ ಅವಳಿಗೆ ಹನ್ನೆರಡನೆಯ ಕ್ಲಾಸು. ಹೆಂಡತಿ ಲೋಲಾಕ್ಷಿ ಅಡುಗೆ ಮಾಡುವ ಹುಡುಗಿಯರ ಹಾಸ್ಟೆಲೂ ಹಿಂದಿನ ಗಲ್ಲಿಯಲ್ಲೇ. ಮೂರು ಜನರ ಬದುಕು ಆ ಹುಲ್ಲಿಗೆ ಕಚ್ಚಿಕೊಂಡು ನಿಂತಿತ್ತು.

ಹಾಗಾಗಿ ಈ ವರ್ಷ ದೇಜಪ್ಪ ಹುಲ್ಲನ್ನು ಬಾಣಂತಿಯ ಹಾಗೆ ನೋಡಿಕೊಂಡ. ಮೂರು ಬೆರಳಿಗಿಂತ ಗಿಡ್ಡವಾಗಿ ಕತ್ತರಿಸಲಿಲ್ಲ. ಉದ್ದ ಬಿಟ್ಟರೆ ತನ್ನ ಬುಡಕ್ಕೆ ತಾನೇ ನೆರಳು. ಗುಡ್ಡದ ಮೇಲೆ ಬಿಸಿಲು ಇಣುಕುವ ಮೊದಲೇ ನೀರು ಬಿಟ್ಟು ಮುಗಿಸುತ್ತಿದ್ದ. ಎಸಿಗಳಿಂದ ತೊಟ್ಟಿಕ್ಕುವಲ್ಲೆಲ್ಲ ಬಕೆಟ್ ಇಟ್ಟ. ಲೋಲಾಕ್ಷಿ ಹಾಸ್ಟೆಲಿನಿಂದ ಅಕ್ಕಿ ತೊಳೆದ ನೀರನ್ನು ಕ್ಯಾನಿನಲ್ಲಿ ಹೊತ್ತು ತಂದು, "ನನಗೆ ಸೊಂಟ ನೋವು ಅಂದ್ರೆ ಒಂದು ಎಣ್ಣೆ ಹಚ್ಚಿದ್ದಿಲ್ಲ, ಇದಕ್ಕೆ ದಿನಾ ಉಪಚಾರ" ಎಂದು ಗೊಣಗುತ್ತ ಸುರಿಯುತ್ತಿದ್ದಳು. ನಲ್ಲಿ ನೀರು ವಾರಕ್ಕೆ ಮೂರು ದಿನಕ್ಕಿಳಿದರೂ ಮಾರ್ಚ್ ಕೊನೆಯಲ್ಲಿ ಹುಲ್ಲು ಬಿಳಿಚಿಕೊಂಡಿತ್ತೇ ಹೊರತು ಸತ್ತಿರಲಿಲ್ಲ.

"ಗೆದ್ದೆ ಮಾರಾಯ ನೀನು" ಎಂದರು ವಸಂತಕುಮಾರ್.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಹುಲ್ಲಿನ ನಡುವಿನ ಸಣ್ಣ ದಿಬ್ಬದ ಮೇಲೆ ನಾಲ್ಕು ತೆಂಗಿನ ಮರಗಳಿದ್ದವು. ಬಿಲ್ಡರ್ ನೆಟ್ಟು ಹನ್ನೆರಡು ವರ್ಷವಾಗಿತ್ತು. ಹೂ ಬಿಡುತ್ತಿದ್ದವು, ಮಿಡಿ ಕಚ್ಚುತ್ತಿದ್ದವು, ಹೆಬ್ಬೆರಳ ಗಾತ್ರವಾಗುವಷ್ಟರಲ್ಲಿ ಉದುರಿಸಿಬಿಡುತ್ತಿದ್ದವು. ಬಿ ವಿಂಗಿನ ಯತಿನ್, ಪ್ಲಾಸ್ಟಿಕ್ ಹುಲ್ಲಿನ ಪಕ್ಷದವನು, ದಿನಾ ಬೆಳಗ್ಗೆ ನಾಯಿ ಹಿಡಿದು ಬರುವಾಗ ಮರಾಠಿಯಲ್ಲಿ ಕೆಣಕುತ್ತಿದ್ದ: "ಕಾಯ್ ಕಾಕಾ, ತುಮಚಾ ನಾರಳ್ ಕಧೀ ಖಾಯಚಾ?" ನಿಮ್ಮ ತೆಂಗಿನಕಾಯಿ ತಿನ್ನುವುದು ಯಾವಾಗ ಎಂದು. ಕಡಲ ಬದಿಯಲ್ಲಿ ಹುಟ್ಟಿದವನಿಗೆ ಇದನ್ನು ತಡೆದುಕೊಳ್ಳುವುದು ಕಷ್ಟ. ಮೀಟಿಂಗಿನ ದಿನ ಮುಷ್ಟಿ ಗಾತ್ರದ ಕಾಯಿಗಳ ಒಂದು ಗೊನೆ ಮರದಲ್ಲಿ ನಿಂತಿದ್ದರೆ ಯಾರ ಬಾಯಿಯೂ ಏಳಲಿಕ್ಕಿಲ್ಲ ಎಂದು ದೇಜಪ್ಪನ ತಲೆಗೆ ಹೊಕ್ಕಿತು.

ಊರಿನಲ್ಲಿ ಮಳೆ ಹಿಡಿಯುವ ಮೊದಲು ಅವನ ಅಮ್ಮ ತೆಂಗಿನ ಬುಡ ಬಿಡಿಸಿ ಬೂದಿಯ ಜೊತೆ ಎರಡು ಮುಷ್ಟಿ ಕಲ್ಲುಪ್ಪು ಹಾಕುತ್ತಿದ್ದಳು. ಎಲ್ಲರೂ ಹಾಕುತ್ತಿದ್ದರು. ಇಲ್ಲಿನ ಮರಗಳಿಗೆ ಹನ್ನೆರಡು ವರ್ಷದಲ್ಲಿ ಒಂದು ಹರಳು ಸಿಕ್ಕಿದ್ದಿಲ್ಲ. ಕಾಯಿ ಎಲ್ಲಿಂದ ನಿಲ್ಲಬೇಕು? ಹೋಟೆಲಿನವನ ಕೈ, ಅಳತೆ ಯಾವಾಗಲೂ ದೊಡ್ಡದೇ. ಹಿಂದಿನದೆಲ್ಲ ಒಟ್ಟಿಗೆ ಕೊಟ್ಟುಬಿಡುವ ಎಂದು ಏಪ್ರಿಲ್ ಮೊದಲ ವಾರ ಒಂದು ಚೀಲ ಕಲ್ಲುಪ್ಪು ತಂದು ನಾಲ್ಕು ಬುಡಕ್ಕೂ ಸಮನಾಗಿ ಸುರಿದು, ಕರಗಲೆಂದು ಪೈಪು ಬಿಟ್ಟ. ಪಾತಿ ತುಂಬಿ ನೀರು ದಿಬ್ಬದಿಂದ ಕೆಳಗೆ, ಹುಲ್ಲಿನ ಕಡೆಗೆ ಇಳಿಯಿತು. ಹುಲ್ಲಿಗೂ ಒಂದು ಪಾಲು ನೀರು ಸಿಕ್ಕಿತಲ್ಲ ಎಂದು ಖುಷಿಪಟ್ಟ.

ಎರಡು ವಾರಕ್ಕೆ ದಿಬ್ಬದ ಸುತ್ತ ಹುಲ್ಲಿನ ತುದಿ ಸುಟ್ಟಂತಾಯಿತು. ನೀರು ಸಾಲುತ್ತಿಲ್ಲ ಎಂದುಕೊಂಡು ಇನ್ನಷ್ಟು ಬಿಟ್ಟ. ಹಳದಿ ಇನ್ನಷ್ಟು ಕೆಳಗಿಳಿಯಿತು. ಮತ್ತೂ ಬಿಟ್ಟ. ತಿಂಗಳ ಕೊನೆಗೆ ಮುಕ್ಕಾಲು ಹಾಸು ಹುರಿದ ಶ್ಯಾವಿಗೆಯ ಬಣ್ಣಕ್ಕೆ ತಿರುಗಿತು.

"ಟ್ಯಾಂಕರಿನವ ಕಡಲ ಖಾಡಿ ಬದಿಯ ಬೋರ್‌ವೆಲ್ಲಿನ ಉಪ್ಪು ನೀರು ತರ್ತಾನೆ ವಸಂತಣ್ಣ. ಬೇರೆ ಎಂತದೂ ಅಲ್ಲ" ಎಂದ ದೇಜಪ್ಪ.

ವಸಂತಕುಮಾರರು ಗೇಟಿನಲ್ಲೇ ಟ್ಯಾಂಕರ್ ನಿಲ್ಲಿಸಿದರು. ಡ್ರೈವರ್ ಜೈಭೀಮ ಬೈಯಲಿಲ್ಲ. ಪೈಪು ತೆರೆದು ಬೊಗಸೆಯಲ್ಲಿ ನೀರು ಹಿಡಿದು ಎಲ್ಲರೆದುರು ಗಟಗಟ ಕುಡಿದ. ಒದ್ದೆ ಕೈಯನ್ನು ದೇಜಪ್ಪನತ್ತ ಚಾಚಿ, "ಅಬ್ ತುಮ್ ಪಿಯೋ ಕಾಕಾ" ಎಂದ.

ದೇಜಪ್ಪನೂ ಕುಡಿದ. ನೀರು ಸಿಹಿಯಾಗಿತ್ತು. ಬಾಯಿ ಒರೆಸಿಕೊಂಡು ಹುಲ್ಲಿನ ಕಡೆಗೆ ನಡೆದ.

ಮರುದಿನ ಬೆಳಗ್ಗೆ ಸತ್ತ ಹುಲ್ಲಿನ ನಡುವೆ ಕೂತಾಗ ಮಣ್ಣಿನ ಮೇಲೆ ತೆಳ್ಳಗೆ ಬಿಳಿಯ ಪೊರೆ ಕಂಡಿತು. ಬೆರಳಿನಲ್ಲಿ ತೆಗೆದು, ಸಾಂಬಾರಿನ ರುಚಿ ನೋಡಿದ ಅಭ್ಯಾಸದಲ್ಲಿ ನಾಲಿಗೆಗೆ ಇಟ್ಟ. ಉಪ್ಪೇ. ಇಪ್ಪತ್ತೆರಡು ವರ್ಷ ಹಂಡೆಯಲ್ಲಿ ಒಂದು ಚಿಟಿಕೆ ಹೆಚ್ಚಾದರೂ ಹಿಡಿಯುತ್ತಿದ್ದ ನಾಲಿಗೆ ಅದು.

ಕಾಲೇಜಿನ ಬೇಸಗೆ ಕ್ಲಾಸಿಗೆ ಹೊರಟಿದ್ದ ಮಾನಸಿ ಬ್ಯಾಗು ಹಾಕಿಕೊಂಡೇ ಬಗ್ಗಿ ನೋಡಿದಳು. ಮನೆಯಲ್ಲಿ ತುಳು ಮಾತಾಡಿದರೆ ಅವಳಿಂದ ಬರುವುದು ಹಿಂದಿಯೇ. "ಪಪ್ಪಾ, ಯೇ ತೋ ಸಾಲ್ಟ್ ಹೈ. ರೂಟ್ಸ್ ಪಾನಿ ಖೀಂಚ್ ಹೀ ನಹೀಂ ಸಕ್ತೇ." ಉಪ್ಪಿದ್ದಲ್ಲಿ ಬೇರಿಗೆ ನೀರು ಹೀರಲಿಕ್ಕಾಗುವುದಿಲ್ಲ ಎಂಬುದು ಅವಳ ಪುಸ್ತಕದಲ್ಲಿತ್ತು. ಊರಿನಲ್ಲಿ ನಾಲ್ಕು ತಿಂಗಳ ಮಳೆ ಎರಡು ಮುಷ್ಟಿ ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು. ಇಲ್ಲಿ ಚೀಲ ಉಪ್ಪನ್ನು ಒಣ ಮಣ್ಣಿಗೆ ತಿನ್ನಿಸಿ, ಮೇಲೆ ಪೈಪಿನಲ್ಲಿ ನೀರು ಬಿಟ್ಟು ಮೂಲೆ ಮೂಲೆಗೆ ಹಂಚಿದವನು ತಾನೇ. ಅದನ್ನು ತೊಳೆಯಲು ನೀರೆಲ್ಲಿ? ಮಳೆಗೆ ಇನ್ನೂ ಒಂದು ತಿಂಗಳ ಮೇಲಿತ್ತು.

ವಸಂತಕುಮಾರರ ಬಳಿ ಹೋಗಿ ಎಲ್ಲ ಹೇಳಿದ. ಅವರು ಹಣೆ ತಿಕ್ಕಿಕೊಂಡರು.

"ಎಂತ ಹುಚ್ಚು ಕೆಲಸ ಮಾಡಿದೆ ಮಾರಾಯ! ಹೋಗ್ಲಿ, ಇದನ್ನು ಬೇರೆ ಯಾರಿಗೂ ಹೇಳ್ಬೇಡ. ಟ್ಯಾಂಕರ್ ನೀರಿನದ್ದೇ ದೋಷ ಅಂತ ಮೀಟಿಂಗಲ್ಲಿ ನಾನು ಹೇಳ್ತೇನೆ. ಟ್ಯಾಂಕರ್ ಬದಲಾಯಿಸುವ, ಮಾಲಿಗೆ ಇನ್ನೊಂದು ವರ್ಷ ಕೊಡುವ. ನೀನು ಹೌದು ಅಂದ್ರೆ ಸಾಕು."

"ಆ ಡ್ರೈವರ್?"

"ಅವನಿಗೆ ಹತ್ತು ಸೊಸೈಟಿ ಉಂಟು. ನಿನಗೆ ಎಷ್ಟುಂಟು?"

ಭಾನುವಾರ ಬೆಳಗ್ಗೆ ಕಟ್ಟಡದ ನೆರಳಿನಲ್ಲಿ ಕುರ್ಚಿ ಹಾಕಿದ್ದರು. ಯತಿನ್ ಪ್ಲಾಸ್ಟಿಕ್ ಹುಲ್ಲಿನ ತುಂಡೊಂದನ್ನು ತೊಡೆಯ ಮೇಲಿಟ್ಟುಕೊಂಡು ಬೆಕ್ಕನ್ನು ಸವರುವಂತೆ ಸವರುತ್ತಿದ್ದ. ವಸಂತಕುಮಾರರು ಹೇಳಿದಂತೆಯೇ ಹೇಳಿದರು, ಚೆನ್ನಾಗಿಯೇ ಹೇಳಿದರು. ಕಮಿಟಿಯ ರಮಿತಾ ಮೇಡಂ ತಲೆಯಾಡಿಸಿದರು. ಹಾಗಿದ್ದರೆ ಮಾಲಿಯ ತಪ್ಪಿಲ್ಲವಲ್ಲ, ಒಂದು ವರ್ಷ ನೋಡೋಣ ಎಂದು ಹಿಂದಿನ ಸಾಲಿನವರೂ ಅಂದರು. ಲೋಲಾಕ್ಷಿ ದೂರದಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅದೇ ಹೊತ್ತಿಗೆ ಗೇಟಿನ ಬಳಿ ಜೈಭೀಮ ಟ್ಯಾಂಕಿಗೆ ಪೈಪು ಇಳಿಬಿಟ್ಟು, ಮೋಟಾರು ಚಾಲೂ ಮಾಡಿ, ಚಕ್ರಕ್ಕೆ ಒರಗಿ ಬೀಡಿ ಹಚ್ಚುತ್ತಿದ್ದ.

"ಕ್ಯೋಂ ದೇಜಪ್ಪಾ, ಪಾನಿ ಖಾರಾ ಹೈ ನಾ?" ನೀರು ಉಪ್ಪಲ್ಲವಾ ಎಂದು ವಸಂತಕುಮಾರರು ಎಲ್ಲರಿಗೂ ಕೇಳುವಂತೆ ಕೇಳಿದರು.

ಹೌದು ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಆ ಬೊಗಸೆ ನೀರನ್ನು ಅವನು ಕುಡಿದಾಗಿತ್ತು.

"ನೀರು ಸಿಹಿ ಉಂಟು ವಸಂತಣ್ಣ" ಎಂದವನು ಉಳಿದವರಿಗಾಗಿ ಹಿಂದಿಗೆ ಹೊರಳಿದ. "ಪಾನಿ ಮೀಠಾ ಹೈ ಸಾಬ್. ನಮಕ್ ಮೈಂನೇ ಡಾಲಾ." ಉಪ್ಪು ಹಾಕಿದ್ದು ನಾನು ಎಂದು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಯಾರೋ ಕಿಸಕ್ಕೆಂದರು. "ಲಾನ್ ಮೇಂ ನಮಕ್? ಇಡ್ಲಿ ಸಮಝಾ ಕ್ಯಾ?" ಹುಲ್ಲಿಗೆ ಉಪ್ಪು ಹಾಕಲು ಅದೇನು ಇಡ್ಲಿಯೇ ಎಂದು ಕೇಳಿದ ಯತಿನ್. ನಗು ಹಿಂದಿನ ಸಾಲಿನವರೆಗೆ ಹೋಯಿತು. ದೇಜಪ್ಪ ಅಮ್ಮನ ಬಗ್ಗೆ, ತೆಂಗಿನ ಬುಡದ ಬಗ್ಗೆ ಹೇಳಲು ನೋಡಿದ. ಅವನ ಹಿಂದಿ ಅಷ್ಟು ದೂರ ಹೋಗಲಿಲ್ಲ. ವಸಂತಕುಮಾರರು ಮೀಟಿಂಗಿನ ಕಾಗದ ಮಡಚಿ ಜೇಬಿಗಿಟ್ಟು ಬೇರೆ ಕಡೆ ನೋಡಿದರು. ಪ್ಲಾಸ್ಟಿಕ್ ಹುಲ್ಲಿಗೆ ಕೈಗಳು ಎದ್ದವು. ಎಣಿಸುವ ಅಗತ್ಯವೂ ಬೀಳಲಿಲ್ಲ.

ಮೋಟಾರಿನ ಸದ್ದಿನಲ್ಲಿ ಜೈಭೀಮನಿಗೆ ಏನೂ ಕೇಳಿಸಿರಲಿಲ್ಲ. ಪೈಪು ಸುತ್ತಿಕೊಂಡು, ದೇಜಪ್ಪನ ಕಡೆಗೆ ಮುಖ ಗಂಟಿಕ್ಕಿ ನೋಡಿ, ಹಾರ್ನ್ ಬಾರಿಸುತ್ತ ಹೊರಟುಹೋದ.

ಕೋಣೆಯಲ್ಲಿ ಲೋಲಾಕ್ಷಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಡೊಂಬಿವಲಿಯಲ್ಲಿ ತನ್ನ ತಮ್ಮ ವಾಸುವಿನ ಚಾಳಿನಲ್ಲಿ ಒಂದು ಖೋಲಿ ಖಾಲಿಯಿದೆ ಎಂದಷ್ಟೇ ಹೇಳಿದಳು. ಕಾಲೇಜಿಗೆ ಬರಬೇಕೆಂದರೆ ಅಲ್ಲಿಂದ ಠಾಣೆ, ಠಾಣೆಯಲ್ಲಿ ಬದಲಾಯಿಸಿ ಪನ್ವೇಲ್ ಗಾಡಿ, ಅದು ತಪ್ಪಿದರೆ ಇನ್ನೂ ಒಂದು ಬದಲಿ. ಮಾನಸಿ ಪುಸ್ತಕದಿಂದ ತಲೆ ಎತ್ತದೆ ಕೇಳಿದಳು: "ಪಪ್ಪಾ, ಚುಪ್ ರೆಹ್ತೇ ತೋ?"

ಸುಮ್ಮನಿದ್ದಿದ್ದರೆ? ಸರಿ ಮಾಡಿದೆ ಎಂಬ ಸಮಾಧಾನವಾದರೂ ಬಂದೀತೆಂದು ದೇಜಪ್ಪ ಕಾದ. ಬರಲಿಲ್ಲ.

ವಾರದೊಳಗೆ ಪ್ಲಾಸ್ಟಿಕ್ ಹುಲ್ಲಿನ ಮೇಸ್ತ್ರಿ ಬಂದ. ನೆಲ ಸಮತಟ್ಟು ಮಾಡಿಕೊಡುವುದು ಮಾಲಿಯ ಕೊನೆಯ ಕೆಲಸ. ಸತ್ತ ಹುಲ್ಲು ಸಲೀಸಾಗಿ ಬಂತು, ಹಳೆಯ ಗೋಣಿಯಂತೆ ಸುರುಳಿ ಸುರುಳಿಯಾಗಿ. ಪಂಪ್ ಹೌಸಿನ ಮೂಲೆಗೆ ಬಂದಾಗ ಪಿಕಾಸಿ ನಿಂತಿತು. ಅಲ್ಲಿ ಪೈಪಿನ ಜೋಡಣೆಯಿಂದ ನೀರು ಜಿನುಗಿ ಜಿನುಗಿ, ಒಂದು ಬಾಗಿಲಿನಷ್ಟು ಅಗಲಕ್ಕೆ ಹುಲ್ಲು ಹಸಿರಾಗಿ, ದಟ್ಟವಾಗಿ ನಿಂತಿತ್ತು.

"ಇಷ್ಟು ಬಿಡ್ಲಿಕ್ಕಾಗ್ತದಾ?" ಎಂದು ದೇಜಪ್ಪ ಹರಕು ಹಿಂದಿಯಲ್ಲಿ ಕೇಳಿದ.

"ಲೆವೆಲ್ ಚಾಹಿಯೇ ಕಾಕಾ" ಎಂದ ಮೇಸ್ತ್ರಿ, ಟೇಪು ಎಳೆಯುತ್ತ.

ಬದುಕಿದ್ದ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದಿತ್ತು. ಅಷ್ಟು ಜಾಗವನ್ನು ಅಗೆಯಲು ದೇಜಪ್ಪನಿಗೆ ಮಧ್ಯಾಹ್ನದವರೆಗೆ ಹಿಡಿಯಿತು.