ತಂಗಿ ‘ಬಿಡು’ ಅಂದದ್ದು

ಪಕ್ಕದಲ್ಲಿ ಒಂಚೂರು ಬಿಡಿ ಮಾವ, ಉಸಿರು ಕಟ್ಟುತ್ತೆ, ಅಂದು ತಂಗಿಯ ಮಗಳು ತೀರಿಹೋದ ಅಮ್ಮನ ಕಂದು ಕೋಟನ್ನು ಮೇಜಿನ ಮೇಲಿಟ್ಟು ಹೋದಳು, ಬಿಡಿ ಅಂದರೆ ದರ್ಜಿಯ ಕಿವಿಗೆ ಸಡಿಲ ಮಾಡಿ ಅಂತ, ಬಸ್ಸಿನವನಿಗೆ ಹೊರಡು ಅಂತ, ಹೆಂಡತಿ ಸಿಗರೇಟು ಬಿಡಿ ಬಿಡಿ ಅಂತ ಮೂವತ್ತು ವರ್ಷ ಹೇಳಿದಳು, ಅವನು ಅದನ್ನು ಬಿಡಲಿಲ್ಲ, ಅವಳು ಅವನನ್ನು ಬಿಡಲಿಲ್ಲ — ತಂಗಿ ಮಾತ್ರ, ಹೋದ ವರ್ಷ ಇದೇ ಬಾಗಿಲಲ್ಲಿ ನಿಂತು, ಅಣ್ಣ, ಆಸ್ಪತ್ರೆ ತನಕ ಬಿಡ್ತೀಯಾ, ರಿಪೋರ್ಟು ಬಂದಿದೆಯಂತೆ, ಅವನು ತಲೆ ಎತ್ತಲಿಲ್ಲ, ಮಷಿನ್ನು ಓಡುತ್ತಿತ್ತು, ಶಾಲೆಯ ನಲವತ್ತು ಅಂಗಿಗಳಿಗೆ ಕಾಲರು ಕೂರಿಸಬೇಕಿತ್ತು, ನಾಳೆ ಬಿಡ್ತೀನಿ ಕಣೆ, ಸತ್ತರೂ ಇವತ್ತಾಗಲ್ಲ — ಥೂ, ಯಾವ ನಾಲಿಗೆಯಲ್ಲಿ ಆಡಿದನೋ — ಸರಿ ಬಿಡು, ಅಂದಳು, ಅವನು ಅದನ್ನು ಪರವಾಗಿಲ್ಲ ಅಂತ ಕೇಳಿಸಿಕೊಂಡ, ಅನುಕೂಲದ ಅರ್ಥವೇ ಮೊದಲು ಕಿವಿಗೆ ಬೀಳುತ್ತದೆ, ಅವಳು ಒಬ್ಬಳೇ ಹೋದಳು, ಆ ಕಾಯಿಲೆಯ ಹೆಸರನ್ನು ಒಬ್ಬಳೇ ಕೇಳಿಸಿಕೊಂಡಳು, ಏನಂದ್ರು ಡಾಕ್ಟ್ರು ಎಂದರೆ ಬಿಡಣ್ಣ, ಏನಿಲ್ಲ, ರಕ್ತ ಕಮ್ಮಿಯಂತೆ, ಪಟ್ಟು ಬಿಡದೆ ಕೇಳಬೇಕಿತ್ತು, ಕೇಳಲಿಲ್ಲ, ಐದು ತಿಂಗಳು ಅಷ್ಟೇ, ವಾರ್ಡಿನಲ್ಲಿ ಅವಳ ಮಣಿಕಟ್ಟು ಹಿಡಿದು ಕೂತಿದ್ದಾಗ ಬಿಡು ಅಂದಳಲ್ಲ, ಕೈ ನೋಯುತ್ತಿದೆ ಅಂತಲೋ, ಅತ್ತಿದ್ದು ಸಾಕು ಅಂತಲೋ, ನನ್ನನ್ನು ಹೋಗಲು ಬಿಡು ಅಂತಲೋ, ಕೇಳಲಿಲ್ಲ, ಕೈ ಬಿಟ್ಟು ಟೀ ಕುಡಿಯಲು ಹೋದ, ಬರುವಷ್ಟರಲ್ಲಿ ಮುಖದ ಮೇಲೆ ಮುಸುಕು — ಸಾಕು, ಕೋಟು ನೋಡು, ಒಳಗು ಹೊರಗು ಮಾಡಿ ತಿರುವಿದ, ಅವನೇ ಹೊಲಿದದ್ದು, ನೀನು ಗುಂಡಮ್ಮ ಆಗೋಳೇ ಅಂತ ನಗಾಡಿ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದ, ಇದೇನು, ಇದು ಮಷಿನ್ನಿನ ಹೊಲಿಗೆಯಲ್ಲ, ಕೈಹೊಲಿಗೆ, ದಾರಿ ತಪ್ಪಿದ ಇರುವೆಯ ಹಾಗೆ ಸೊಟ್ಟ ಸೊಟ್ಟ, ಒಂದು ಗುಂಡಿ ಕಿತ್ತುಹೋದರೂ ಅಣ್ಣನ ಹತ್ತಿರ ಓಡಿಬರುತ್ತಿದ್ದವಳು, ಮೈ ಇಳಿದು ಕೋಟು ಜೋಲಾದದ್ದು ಅವನ ಕಣ್ಣಿಗೆ ಬೀಳಬಾರದು ಅಂತ ತಾನೇ ಒಳಗೊಳಗೇ ಹಿಡಿದು ಹೊಲಿದುಕೊಂಡಿದ್ದಾಳೆ, ಒಂದು ಸಾಲು, ಮೈ ಇನ್ನಷ್ಟು ಇಳಿದಾಗ ಇನ್ನೊಂದು, ಅವನೆದುರು ನಗುತ್ತಾ ಬಂದು ಕೂತದ್ದು ಇದನ್ನೇ ಹಾಕಿಕೊಂಡು, ಅಳತೆ ಹಿಡಿಯುವ ಕಣ್ಣು ಅವನದು, ಊರವರ ಸೊಂಟವನ್ನೆಲ್ಲ ನೋಟದಲ್ಲೇ ಹೇಳುವವನು, ನೋಡಲಿಲ್ಲ, ಈಗ ಇದನ್ನೇ ಬಿಚ್ಚಬೇಕು, ಹುಡುಗಿಗೆ ಬೆಳಿಗ್ಗೆ ಕೆಲಸಕ್ಕೆ ಬೇಕು, ಕತ್ತರಿಯ ತುದಿ ಗಂಟಿನ ಕೆಳಗೆ ಹೋಯಿತು, ನಿಂತಿತು, ಒಂದು ಸಾಲು, ಅದರ ಪಕ್ಕ ಒಂದು ಸಾಲು, ಅದರ ಪಕ್ಕ ಕೊನೆಯದು, ಅರ್ಧಕ್ಕೇ ನಿಂತದ್ದು, ಗಂಟು ಹಾಕದೆ ಬಿಟ್ಟ ನೀಲಿ ದಾರ, ಗೇಣುದ್ದ, ನೀಲಿ ದಾರ