ಕಂಬ ಹತ್ತಿದವನ ಮಾತು

"ಹದಿನೇಳು ನಿಮಿಷ," ಎಂದಳು ಸ್ಟಾಪ್‌ವಾಚ್ ಹಿಡಿದು ಕೂತಿದ್ದ ಮೇಡಂ. "ಕೆಲಸ ಮುಗೀತು ಅಂತ ಜೊತೆಯವನು ಫೋನ್ ಮಾಡಿದಾನಲ್ಲ, ಇನ್ನೂ ಯಾಕೆ ಕಾಯ್ತಿದೀರಿ?"

ಸಬ್‌ಸ್ಟೇಷನ್ ಆಪರೇಟರ್ ಸ್ವಿಚ್ಚಿನ ಮುಂದೆ ಕೈಕಟ್ಟಿ ನಿಂತಿದ್ದ. "ಕಂಬ ಹತ್ತಿದವನು ಹೇಳ್ಲಿ ಮೇಡಂ. ಲೈನ್ ಬಂದ್ ಮಾಡ್ಸಿದವನ ಬಾಯಿಂದಲೇ ಕೇಳದೆ ನಾನು ಕರೆಂಟ್ ಬಿಡಲ್ಲ."

"ಕಂಬ ಹತ್ತಿದವರು ನಿಮ್ಮ ಭಾವಮೈದುನ ಅಂತೆ. ಅದಕ್ಕಾ?"

"ಮೈದುನ ಆಗಿದ್ರೂ ಅಷ್ಟೆ, ಆಗದವನಾಗಿದ್ರೂ ಅಷ್ಟೆ."

ಸರ್ಕಾರದ ವಿದ್ಯುತ್ ಮಂಡಳಿ ತಿಂಗಳ ಕೊನೆಗೆ ಮುಚ್ಚುವುದಿತ್ತು. ಹೊಸ ಕಂಪನಿ ಯಾರನ್ನು ಇಟ್ಟುಕೊಳ್ಳಬೇಕೆಂದು ಅಳೆಯಲು ಈಕೆ ಬಂದಿದ್ದಳು. ಕೆಟ್ಟವಳಲ್ಲ, ಬೆಳಿಗ್ಗೆ ಅವನ ಮಂಡಿನೋವು ವಿಚಾರಿಸಿದ್ದಳು. ಈಗ ಮೆಲ್ಲಗೆ, "ಇದೊಂದು ಸಲ ಕರೆಂಟ್ ಬಿಟ್ಬಿಡಿ. ನೋಡಿದ್ದನ್ನ ನಾನು ಬರೀಲೇಬೇಕು," ಎಂದಳು.

ಮೈದುನನ ಫೋನು ಆಫ್ ಆಗಿತ್ತು. ನಲವತ್ತೊಂದನೇ ನಿಮಿಷಕ್ಕೆ ಅವನೇ ಬೈಕಿನಲ್ಲಿ ಬಂದಿಳಿದ. ಕೆನ್ನೆ ಮೇಲೆ ಮಡಚಿದ ಬಟ್ಟೆಯ ಗೆರೆ ಮೂಡಿತ್ತು.

"ಏನ್ ಭಾವ, ಇನ್ನೂ ಕೊಟ್ಟಿಲ್ವಾ? ನಾನು ಆವಾಗ್ಲೇ ಇಳಿದು, ಉಂಡು, ಒಂದು ಕೋಳಿನಿದ್ದೆನೂ ತೆಗೆದೆ!"

"ಮೇಲೆ ಬೇರೆ ಯಾರೂ ಇಲ್ವಲ್ಲ?"

"ಯಾರೂ ಇಲ್ಲ."

ಆಪರೇಟರ್ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ಸ್ವಿಚ್ ಹಾಕಿದ.

ಹೊಸ ಕಂಪನಿ ಇಟ್ಟುಕೊಂಡವರ ಪಟ್ಟಿಯಲ್ಲಿ ಮೈದುನನ ಹೆಸರಿತ್ತು. ಆಪರೇಟರ್ ಹೆಸರಿರಲಿಲ್ಲ, 'ನಿರ್ಧಾರದಲ್ಲಿ ವಿಳಂಬ' ಎಂದು ಕಾರಣ ಬರೆದಿದ್ದರು. ಇನ್ನು ಮೇಲೆ ದೂರದ ಕಂಪ್ಯೂಟರೇ ಲೈನ್ ಬಂದ್ ಮಾಡಿ, ಕಂಬ ಹತ್ತುವವನ ಫೋನಿಗೆ ಮೆಸೇಜ್ ಕಳಿಸುವುದಂತೆ. ಮೈದುನ ನಾಚಿಕೆಯಿಂದ ಅಕ್ಕನ ಮನೆ ಕಡೆ ತಲೆಹಾಕಲಿಲ್ಲ. "ಮಲಗಿದವನಿಗೆ ಕೆಲಸ, ಎಚ್ಚರ ಇದ್ದವರಿಗೆ ಮನೆ," ಎಂದು ಅಕ್ಕ ಒಮ್ಮೆ ಅಂದಳು. ಗಂಡ ಗದರಿದ ಮೇಲೆ ಮತ್ತೆ ಅನ್ನಲಿಲ್ಲ.

ಹೊಸ ಕಂಪನಿಯ ಮೊದಲ ಸೋಮವಾರ, ಹನ್ನೊಂದರ ಹೊತ್ತಿಗೆ ಫೋನ್ ಬಂತು.

"ಭಾವ, ಕಂಬದ ಕೆಳಗಿದೀನಿ. ನಿಮ್ಮ ಬೀದಿ ಲೈನೇ. ಬಂದ್ ಆಗಿದೆ ಅಂತ ಈಗ್ತಾನೆ ಮೆಸೇಜ್ ಬಂತು."

"ಮತ್ತೇನು, ಹತ್ತು."

"ಕಾಲೇ ಬರ್ತಿಲ್ಲ ಭಾವ. ನೀವು ಒಂದ್ಸಲ ಹೇಳಿ."

"ನಾನು ಮನೇಲಿದೀನಿ ಕಣೋ. ಏನಂತ ಹೇಳ್ಲಿ?"

ಆಪರೇಟರ್ ಎದ್ದು ನಿಂತು ತಲೆ ಮೇಲಿನ ಫ್ಯಾನ್ ನೋಡಿದ. ಅದಿನ್ನೂ ತಿರುಗುತ್ತಿತ್ತು.

"ತಡಿ. ಮುಟ್ಬೇಡ," ಎಂದ.

ಒಳಗಿನಿಂದ ಬಂದ ಹೆಂಡತಿ ಪಕ್ಕದಲ್ಲಿ ನಿಂತು, ತಾನೂ ಕತ್ತೆತ್ತಿದಳು. ಫ್ಯಾನಿನ ವೇಗ ಇಳಿದು ರೆಕ್ಕೆಗಳು ಒಂದೊಂದಾಗಿ ಬೇರೆ ಬೇರೆ ಕಾಣತೊಡಗಿದವು.