ಗುಬ್ಬಿಗೊಂದು ಗಿಟಾರ್

ನನ್ನ ತಂಗಿಗೆ ಕಿವಿ ಕೇಳಿಸಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಗಿಟಾರ್ ಅಂಗಡಿಯಲ್ಲಿ. ಒಂದೇ ಮನೆ, ಒಂದೇ ಒಲೆ, ಒಂದೇ ಮಿಲ್ಲು. ಆದರೂ ಗೊತ್ತಾಗಿದ್ದು ಅಲ್ಲಿ, ಯಾರೋ ಗುರುತಿಲ್ಲದವರ ಎದುರಿಗೆ. ಅದು ಹೇಗೆ ಸಾಧ್ಯ ಅಂತ ಕಣ್ಣು ಬಿಡಬೇಡಿ, ನಾನೇ ಹೇಳ್ತೀನಿ.

ನೇಯ್ಗೆ ಮಿಲ್ಲಿನವರು ಮಾತಾಡೋ ರೀತಿಯೇ ಬೇರೆ. ಶೆಡ್ಡಿನ ತುಂಬ ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಏನೂ ಪ್ರಯೋಜನ ಇಲ್ಲ. ಅದಕ್ಕೇ ಅಲ್ಲಿ ಯಾರೂ ಕೂಗಲ್ಲ. ಮುಖಕ್ಕೆ ಮುಖ ಕೊಟ್ಟು ತುಟಿಯನ್ನ ದೊಡ್ಡದಾಗಿ ಆಡಿಸ್ತೀವಿ, ಎದುರಿಗಿರೋರು ತುಟಿ ನೋಡಿಯೇ ಮಾತು ತಿಳ್ಕೊಳ್ತಾರೆ. ಹರಟೆ, ಚಾಡಿ, ಜಗಳ ಎಲ್ಲಾ ಹೀಗೇ. ನಾನು ಮಗ್ಗ ಬಿಟ್ಟು ಬಟ್ಟೆ ತಪಾಸಣೆ ಕೋಣೆಗೆ ಹೋಗಿ ಎಷ್ಟೋ ವರ್ಷ ಆಯ್ತು. ಆದರೂ ಕೋಣೆಯ ಗಾಜಿನಾಚೆಯಿಂದ ತಂಗಿ ಗುಬ್ಬಿ ತುಟಿ ಆಡಿಸ್ತಾಳೆ, ಈಚೆಯಿಂದ ನಾನು ಬೈತೀನಿ. ಮನೆಗೆ ಬಂದರೂ ಅದೇ ಅಭ್ಯಾಸ. ಮಾತಾಡೋ ಮುಂಚೆ ಭುಜ ತಟ್ಟಿ ಮುಖ ತಿರುಗಿಸಿಕೊಳ್ಳೋದು, ಆಮೇಲೆ ಬಾಯಿ ಬಿಡೋದು. ಇಂಥ ಮನೆಯಲ್ಲಿ ಒಬ್ಬಳ ಕಿವಿ ಮುಚ್ಚಿಹೋದರೆ ಇನ್ನೊಬ್ಬಳಿಗೆ ಗೊತ್ತಾಗೋದಾದರೂ ಹೇಗೆ, ನೀವೇ ಹೇಳಿ.

ಗುಬ್ಬಿ ಅಂತ ಹೆಸರಿಟ್ಟವಳು ನಾನೇ. ಚಿಕ್ಕವಳಿದ್ದಾಗ ಕಾಳು ಹೆಕ್ಕೋ ಹಾಗೆ ತಿಂತಿದ್ದಳು. ಈಗ ತಲೆ ನರೆತಿದೆ, ಹೆಸರು ಮಾತ್ರ ಬಿಟ್ಟಿಲ್ಲ. ನನ್ನನ್ನ ಮಿಲ್ಲಿನವರು ಹಿಂದಿನಿಂದ ಮೆಣಸಿನಕಾಯಿ ಅಂತಾರಂತೆ. ಅನ್ನಲಿ ಬಿಡಿ, ಎದುರಿಗೆ ಬಂದು ಅನ್ನೋ ಧೈರ್ಯ ಯಾರಿಗಿದೆ?

ಗುಬ್ಬಿ ಹುಟ್ಟಿದಾಗಿನಿಂದ ನನ್ನ ಹತ್ತಿರ ಏನೂ ಕೇಳಿದವಳಲ್ಲ. ನನ್ನ ಹಳೇ ಸ್ವೆಟರನ್ನೇ ಹೊಸದು ಅಂದುಕೊಂಡು ಹಾಕೋಳು. ಅಂಥವಳು ಒಂದು ದಿನ ಪಾತ್ರೆ ತೊಳೀತಾ ತೊಳೀತಾ, "ಅಕ್ಕಾ, ನಂಗೊಂದು ಗಿಟಾರ್ ಕೊಡಿಸ್ತೀಯಾ? ಕಲಿಯೋರಿಗೆ ಅಂತ ಸಾಧಾರಣದ್ದು ಬರುತ್ತಂತೆ" ಅಂದಳು.

ನಾನು ಅವಳ ಭುಜ ಹಿಡಿದು ಈಚೆ ತಿರುಗಿಸಿದೆ. "ಗಿಟಾರಾ? ತಲೆ ಗಿಲೆ ಕೆಟ್ಟಿದೆಯೇನೇ? ಈ ವಯಸ್ಸಲ್ಲಿ ಯಾವ ಸ್ಟೇಜ್ ಹತ್ತೋಕೆ ಹೊರಟಿದೀಯ?"

"ಸ್ಟೇಜ್ ಯಾಕೆ, ಮಂಚದ ಮೇಲೆ ಕೂತು ಬಾರಿಸ್ತೀನಿ. ಕೊಡಿಸ್ತೀಯೋ ಇಲ್ವೋ ಅಷ್ಟು ಹೇಳು."

ಬಾಯಲ್ಲಿ ಬೈದೆ, ಆದರೆ ಒಳಗೊಳಗೇ ಹಿಗ್ಗಿದೆ. ಕೊನೆಗೂ ನನ್ನ ಗುಬ್ಬಿಗೆ ಏನೋ ಒಂದು ಬೇಕು ಅನ್ನಿಸಿತಲ್ಲ! ಏನೇ ಆಗಲಿ, ಮನಸಾರೆ ಮೆಚ್ಚಿದ್ದನ್ನೇ ಕೊಡಿಸಿ ಬಿಡಬೇಕು ಅಂತ ಗಟ್ಟಿ ಮಾಡಿಕೊಂಡೆ.

ರಜೆಯ ದಿನ ಅಂಗಡಿಗೆ ಹೋದೆವು. ಗೋಡೆ ಉದ್ದಕ್ಕೂ ಗಿಟಾರುಗಳನ್ನ ಕುತ್ತಿಗೆ ಹಿಡಿದು ನೇತುಹಾಕಿದ್ದರು. ಅಂಗಡಿಯವನು ಬಲಗೈ ಉಗುರು ಮಾತ್ರ ಉದ್ದಕ್ಕೆ ಬೆಳೆಸಿದ್ದ. ಇದೆಂಥಾ ಶೋಕಿ ಅಂತ ಮೂಗು ಮುರಿದೆ. ಆಸಾಮಿ ಕೆಟ್ಟವನೇನಲ್ಲ. ದುಬಾರಿ ಮಾಲನ್ನ ಮುಟ್ಟೋಕೂ ಹೋಗದೆ, ಕಲಿಯೋರಿಗೆ ಅಂತ ಮೂರು ಗಿಟಾರ್ ಇಳಿಸಿ ಗಲ್ಲಾ ಪಕ್ಕ ಒರಗಿಸಿದ.

"ಅಗ್ಗದ್ದು ಅಂದ ತಕ್ಷಣ ಕೆಟ್ಟದ್ದು ಅಂತಲ್ಲ ಮೇಡಂ. ಕುತ್ತಿಗೆ ನೆಟ್ಟಗಿದೆಯಾ, ತಂತಿ ತೀರಾ ಮೇಲಕ್ಕಿಲ್ಲ ತಾನೇ, ತಂತಿ ಬಿಗಿಯೋ ಈ ಕಿವಿಗಳನ್ನ ತಿರುಗಿಸಿದರೆ ಜಾರದೆ ನಿಲ್ಲುತ್ತಾ, ಅಷ್ಟು ನೋಡಿಕೊಂಡರೆ ಸಾಕು. ಮೂರೂ ಸರಿ ಇವೆ. ಇನ್ನು ಯಾವುದು ಬೇಕು ಅನ್ನೋದು ಅವರ ಕಿವಿಗೆ ಬಿಟ್ಟಿದ್ದು."

"ಇದರ ಬಣ್ಣ ಚೆನ್ನಾಗಿದೆ" ಅಂದೆ ನಾನು.

"ನೋಡಿ, ಅದಕ್ಕೇ ನಾನು ಯಾರಿಗೂ ನೋಡೋಕೆ ಬಿಡಲ್ಲ" ಅಂತ ನಕ್ಕ. "ಎಲ್ಲರೂ ಬಣ್ಣಕ್ಕೆ ಮರುಳಾಗ್ತಾರೆ. ತಂಗಿಯವರು ಗೋಡೆ ಕಡೆ ತಿರುಗಿ ನಿಂತ್ಕೊಳ್ಳಲಿ. ಒಂದೊಂದಾಗಿ ಮೂರನ್ನೂ ನುಡಿಸ್ತೀನಿ. ಕಿವಿಗೆ ಹಿತ ಅನ್ನಿಸಿದ್ದನ್ನ ಹೇಳಲಿ."

ಗುಬ್ಬಿ ಅವನ ಬಾಯನ್ನೇ ನೋಡ್ತಿದ್ದಳು. ಒಂದು ಗಳಿಗೆ ನನ್ನ ಕಡೆ ನೋಡಿದಳು, ಆಮೇಲೆ ಸುಮ್ಮನೆ ಗೋಡೆ ಕಡೆ ತಿರುಗಿ ನಿಂತಳು.

ಅವನು ಆ ಉಗುರುಗಳಿಂದಲೇ ಮೊದಲನೇದನ್ನ ನುಡಿಸಿದ. ಸೊಗಸಾಗಿತ್ತು, ಉಗುರಿನ ಶೋಕಿಯನ್ನ ಮನ್ನಿಸಿಬಿಟ್ಟೆ. ಎರಡನೇದನ್ನ ಕೈಗೆತ್ತಿಕೊಂಡ, ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. "ಒಂದೇ ನಿಮಿಷ" ಅಂತ ಗಿಟಾರನ್ನ ಹಾಗೇ ಕೆಳಗಿಟ್ಟು ಫೋನ್ ಹಿಡಿದು ಯಾರ ಮೇಲೋ ರೇಗತೊಡಗಿದ.

ಆಗ ಗೋಡೆ ಕಡೆ ಮುಖ ಮಾಡಿದ್ದ ಗುಬ್ಬಿ, "ಹ್ಞಾಂ, ಈ ಎರಡನೇದು ತುಂಬಾ ಹಿತವಾಗಿದೆ. ಇದೇ ಇರಲಿ" ಅಂದಳು.

ನನಗೆ ನಗು ಬಂತು. "ಅಯ್ಯೋ ಮಂಕೇ, ಅವನಿನ್ನೂ ಅದನ್ನ ನುಡಿಸೇ ಇಲ್ವಲ್ಲೇ!"

ಅವಳು ತಿರುಗಲಿಲ್ಲ.

"ಗುಬ್ಬೀ, ನಿನಗೇ ಹೇಳ್ತಿರೋದು."

ಅವಳು ಗೋಡೆಯನ್ನೇ ನೋಡ್ತಾ, ಮೂರನೇದಕ್ಕೆ ತಲೆದೂಗೋಕೆ ಶುರು ಮಾಡಿದ್ದಳು. "ಗುಬ್ಬೀ!" ಅಂತ ಮತ್ತೆ ಕೂಗಿದೆ. ಹೇಗೆ ಕೂಗಿದೆನೋ ಏನೋ, ಅಂಗಡಿಯವನು ಫೋನನ್ನ ಕಿವಿಯಿಂದ ತೆಗೆದ. ಬಾಗಿಲಲ್ಲಿದ್ದ ಗಿರಾಕಿ ಅಲ್ಲೇ ನಿಂತುಬಿಟ್ಟ. ಬೀದಿಯಲ್ಲಿ ಹೋಗೋರು ಕೂಡ ಇಣುಕಿದರು. ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿದ್ದ ನನ್ನ ತಂಗಿ ಮಾತ್ರ, ಇಲ್ಲದ ಹಾಡಿಗೆ ನಿಧಾನವಾಗಿ ತಲೆದೂಗ್ತಾ ಇದ್ದಳು.

ಹೋಗಿ ಭುಜ ಮುಟ್ಟಿದೆ. ನಗುನಗುತ್ತಾ ತಿರುಗಿದವಳು ನನ್ನ ಮುಖ ನೋಡಿದಳು. ನಾನಿನ್ನೂ ತುಟಿ ಆಡಿಸಿರಲಿಲ್ಲ.

"ಗೊತ್ತಾಗಿಹೋಯ್ತಾ?" ಅಂದಳು.

ಅಂಗಡಿಯವನು ಒಂದು ಸ್ಟೂಲ್ ತಂದು ಹಾಕಿದ. ಕೂತಿದ್ದು ಅವಳಲ್ಲ, ನಾನು. ಅವಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು, ನನ್ನ ತುಟಿ ಕಾಣಲಿ ಅಂತ.

"ಯಾವಾಗಿಂದ?"

"ಒಂದೇ ಸಲ ಹೋಗಲಿಲ್ಲ ಅಕ್ಕಾ. ಮೊದಲು ಗಡಿಯಾರ ನಿಂತಿದೆ ಅಂದ್ಕೊಂಡೆ, ನೋಡಿದರೆ ಓಡ್ತಿತ್ತು. ಆಮೇಲೆ ನಲ್ಲಿ ಸದ್ದು. ಆಮೇಲೆ ನೀನು."

"ಡಾಕ್ಟ್ರು?"

"ತೋರಿಸ್ದೆ. ಮಗ್ಗದ ಸದ್ದಿಗೆ ನರ ಸತ್ತಿದೆಯಂತೆ. ಕಿವಿಗೆ ಮೆಷಿನ್ ಹಾಕಿದರೂ ಬರೀ ಗೊರಗೊರ ಅನ್ನುತ್ತಂತೆ."

"ನನಗೊಂದು ಮಾತು ಹೇಳೋಕೆ ಏನು ಧಾಡಿಯಾಗಿತ್ತು ನಿನಗೆ? ನಾನೇನು ಸತ್ತು ಹೋಗಿದ್ನಾ?"

"ಹೇಳಿದ್ದರೆ ನೀನು ಸುಮ್ಮನಿರ್ತಿದ್ಯಾ? ಮಿಲ್ಲಿಗೆ ನುಗ್ಗಿ ಮ್ಯಾನೇಜರನ ಕುತ್ತಿಗೆಪಟ್ಟಿ ಹಿಡೀತಿದ್ದೆ. ಇಬ್ಬರ ಕೆಲಸಾನೂ ಹೋಗ್ತಿತ್ತು." ನನ್ನ ಮೊಣಕಾಲ ಮೇಲೆ ಕೈ ಇಟ್ಟಳು. "ಅದೂ ಅಲ್ಲದೆ, ಹೇಳಿದರೆ ನೀನು ಬೈಯೋದು ನಿಲ್ಲಿಸಿಬಿಡ್ತೀಯ ಅಂತ ಭಯ ಆಯ್ತು."

ಬಟ್ಟೆಯಲ್ಲಿ ಒಂದೇ ಒಂದು ಎಳೆ ತಪ್ಪಿದ್ದರೂ ಹಿಡಿದು ಹಾಕೋ ಕಣ್ಣು ನನ್ನದು ಅಂತ ಮಿಲ್ಲಿಗೆಲ್ಲ ಹೆಸರು. ಸುಟ್ಟುಹೋಗಲಿ ಈ ಕಣ್ಣು.

"ಮತ್ತೆ ಈ ಗಿಟಾರ್ ಯಾಕೆ?" ಅಂತ ಕೇಳಿದೆ. ಅಳು ನುಂಗಿಕೊಂಡು ಕೇಳಿದ್ದರಿಂದ ತುಟಿ ಸೊಟ್ಟಗಾಗಿ, ಅವಳಿಗೆ ಅರ್ಥವಾಗದೆ ಎರಡು ಸಲ ಕೇಳಬೇಕಾಯಿತು.

"ಮಗ್ಗ ಕೆಟ್ಟರೆ ನಾವು ಚೌಕಟ್ಟಿಗೆ ಎದೆ ಆನಿಸಿ ನಿಲ್ತೀವಲ್ಲ? ಎಲ್ಲಿ ಏನಾಗಿದೆ ಅಂತ ಎದೆಗೇ ಗೊತ್ತಾಗುತ್ತೆ. ಈಗಲೂ ಗೊತ್ತಾಗುತ್ತೆ ಅಕ್ಕಾ, ಅದೊಂದು ಹೋಗಿಲ್ಲ. ಗಿಟಾರನ್ನೂ ಹಾಗೇ ಎದೆಗೆ ಒತ್ತಿಕೊಂಡು ನುಡಿಸೋದನ್ನ ಟೀವಿಯಲ್ಲಿ ನೋಡಿದೆ. ಇದಾದರೂ ಒಂದು ಉಳಿಯುತ್ತೇನೋ ಅಂತ ಆಸೆ."

ಅಂಗಡಿಯವನು ಎಲ್ಲಾ ಕೇಳಿಸಿಕೊಂಡಿದ್ದ. ಮೂರನ್ನೂ ಒಂದೊಂದಾಗಿ ಅವಳ ಎದೆಗೆ ಆನಿಸಿ ತಂತಿ ಮೀಟಿದ. ನಾನು ಮೆಚ್ಚಿದ್ದ ಮೊದಲನೇ ಬಣ್ಣದ್ದಕ್ಕೆ ಅವಳು ಬೇಡ ಅಂತ ತಲೆ ಅಲ್ಲಾಡಿಸಿದಳು. ಎರಡನೇದಕ್ಕೂ ಅಷ್ಟೇ. ಮೂರನೇದು ಹೊಟ್ಟೆ ದಪ್ಪ, ಹಲಗೆ ತೆಳ್ಳಗೆ, ಬಣ್ಣ ನೋಡಿದರೆ ತೊಳೆಯದ ಚಹಾ ಪಾತ್ರೆ. ಅದರ ದಪ್ಪ ತಂತಿಯನ್ನ ಮೀಟಿದಾಗ ಗುಬ್ಬಿ "ಹಾ" ಅಂತ ಉಸಿರೆಳೆದುಕೊಂಡಳು, ತಣ್ಣೀರು ಸೋಕಿದವಳ ಹಾಗೆ.

"ಇದಕ್ಕೆ ಉಕ್ಕಿನ ತಂತಿ ಅಮ್ಮಾ, ಹೊಸಬರಿಗೆ ಬೆರಳು ಉರಿಯುತ್ತೆ. ನೈಲಾನ್ ತಂತಿಯದ್ದು ಮೆತ್ತಗಿರುತ್ತೆ, ಆದರೆ ಇಷ್ಟು ನಡುಗಲ್ಲ" ಅಂದ, ಅವಳಿಗೆ ಕಾಣೋ ಹಾಗೆ ಬಾಯಿ ಅಗಲಿಸಿ.

ಗುಬ್ಬಿ ಬೆರಳು ತೋರಿಸಿದಳು. ನೂಲು ಕೊಯ್ದು ಕೊಯ್ದು ಅವು ಯಾವತ್ತೋ ಜಡ್ಡುಗಟ್ಟಿದ್ದವು. "ಇವಕ್ಕೆ ಏನೂ ಆಗಲ್ಲ ಬಿಡಿ" ಅಂತ ನಕ್ಕಳು. ಸೊಪ್ಪಿನವನ ಹತ್ತಿರವೂ ಕಿತ್ತಾಡೋ ನಾನು, ಅವನು ಹೇಳಿದ ರೇಟಿಗೆ ಚೌಕಾಸಿ ಮಾಡಲಿಲ್ಲ. ಅವನೇ ಒಂದಿಷ್ಟು ಕಮ್ಮಿ ಮಾಡಿಕೊಂಡ.

ಮನೆಗೆ ಬಂದವಳೇ ಗುಬ್ಬಿ ಮಂಚದ ಮೇಲೆ ಗಿಟಾರ್ ಅಪ್ಪಿಕೊಂಡು ಕೂತಳು. ಸಂಜೆ ಬಿಸಿಲು ಕಿಟಕಿಯಿಂದ ಅವಳ ಮಡಿಲಿಗೆ ಬಿದ್ದಿತ್ತು. ಒಂದೊಂದೇ ತಂತಿ ಮೀಟಿ, ಅದರ ನಡುಕ ಪೂರ್ತಿ ನಿಲ್ಲೋವರೆಗೂ ಕಾಯ್ದು, ಮತ್ತೊಂದಕ್ಕೆ ಹೋಗ್ತಿದ್ದಳು. ನಾನು ಒಲೆ ಮುಂದೆ ಬೆನ್ನು ತಿರುಗಿಸಿ ನಿಂತು ಬೇಕಾದಷ್ಟು ಅತ್ತೆ. ಅವಳಿಗೆ ಕೇಳಿಸಲ್ಲ ಅನ್ನೋ ಧೈರ್ಯ. ಥೂ, ಎಂಥಾ ಧೈರ್ಯ ಅದು!

"ಅಕ್ಕಾ, ಬಾ ಇಲ್ಲಿ" ಅಂದಳು. ಹೋದೆ. ಗಿಟಾರಿನ ಬೆನ್ನನ್ನ ಎದೆಗೆ ಒತ್ತಿಕೊಂಡು, ನಡುವಿನ ದುಂಡು ತೂತನ್ನ ನನ್ನ ಕಡೆ ತಿರುಗಿಸಿದಳು. "ಇದರೊಳಗೆ ಬಾಯಿಟ್ಟು ಬೈಯಿ."

"ಏನು?"

"ನೀನು ಮಾತಾಡುವಾಗ ತುಟಿ ಕಾಣುತ್ತೆ, ದನಿಯನ್ನ ನಾನೇ ನೆನಪಿನಿಂದ ಹಾಕ್ಕೊಳ್ತೀನಿ. ಇತ್ತೀಚೆಗೆ ಆ ನೆನಪೂ ಕೈಕೊಡ್ತಿದೆ. ನಿನ್ನ ದನಿ ಮರೆತು ಹೋಗ್ತಿದೆ ಅಕ್ಕಾ. ಮರದಿಂದ ಬಂದರೆ ಎದೆಗೆ ಗೊತ್ತಾಗುತ್ತೆ. ನಾನು ಕಣ್ಣು ಮುಚ್ಕೊಳ್ತೀನಿ, ತುಟಿ ನೋಡಿದರೆ ಮೋಸ ಆಗುತ್ತೆ. ನಾಚ್ಕೋಬೇಡ, ಎಂದಿನ ಹಾಗೇ ಜೋರಾಗಿ ಬೈಯಿ."

ಕಣ್ಣು ಮುಚ್ಚಿದಳು. ನಾನು ನೆಲದ ಮೇಲೆ ಮಂಡಿಯೂರಿ, ತಂತಿಗಳಿಗೆ ತುಟಿ ತಾಗೋ ಹಾಗೆ ಬಗ್ಗಿದೆ.

"ಎಲಾ ಕಳ್ಳಿ" ಅಂದೆ. "ಅಕ್ಕನಿಗೇ ಮೋಸ ಮಾಡ್ತೀಯಾ? ಒಬ್ಬಳೇ ಡಾಕ್ಟ್ರ ಹತ್ತಿರ ಹೋಗಿ ಒಬ್ಬಳೇ ಅತ್ತುಕೊಂಡು ಬಂದ್ಯಾ? ನಾನು ಯಾಕಿದೀನೇ ಮತ್ತೆ, ಮೂದೇವಿ? ಯಾಕಿದೀನಿ ನಾನು?" ಅಷ್ಟಕ್ಕೇ ಬಿಡಲಿಲ್ಲ. ಮಿಲ್ಲಿಗೆ ಬೈದೆ, ಡಾಕ್ಟರಿಗೆ ಬೈದೆ, ಇವಳನ್ನ ನನ್ನ ಕೈಗೆ ಒಪ್ಪಿಸಿ ಹೋದ ಅಪ್ಪ ಅಮ್ಮನಿಗೂ ಬೈದೆ. ಗಂಟಲು ಹರಿದುಹೋಯಿತು. ಪಕ್ಕದ ಮನೆಯಾಕೆ ಓಡಿ ಬಂದು ಬಾಗಿಲಲ್ಲಿ ನಿಂತಿದ್ದಳು.

ಉಸಿರು ಕಟ್ಟಿ ನಿಲ್ಲಿಸಿದೆ. ಗುಬ್ಬಿ ಕಣ್ಣು ಮುಚ್ಚಿಕೊಂಡೇ, ಮುಖದಲ್ಲಿ ನಗು ಇಟ್ಟುಕೊಂಡು ಕಾಯ್ತಾ ಇದ್ದಳು.

"ಶುರು ಮಾಡಕ್ಕಾ" ಅಂದಳು. "ಯಾಕೆ ಸುಮ್ಮನೆ ಕೂತೆ?"

ಪಕ್ಕದ ಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಕೈ ಚಾಚಿ ಆ ದಪ್ಪ ತಂತಿಯನ್ನ ಒಮ್ಮೆ ಮೀಟಿದೆ.

ಗುಬ್ಬಿಯ ಮುಖ ಅರಳಿತು. "ಹ್ಞಾಂ, ಬಂತು! ಈಗ ಬಂತು. ಬೈಯಿ, ಇನ್ನೂ ಬೈಯಿ."

ನಾನು ಮೀಟಿದೆ, ಮತ್ತೆ ಮೀಟಿದೆ. ಅವಳ ಮುಚ್ಚಿದ ಕಣ್ಣಿನಿಂದ ನೀರು ಇಳೀತಿತ್ತು. "ನಿನ್ನ ದನಿ ಎಷ್ಟು ಮೆತ್ತಗಿದೆ ಅಕ್ಕಾ" ಅಂದಳು. "ಜನ ಸುಮ್ಮನೆ ಮೆಣಸಿನಕಾಯಿ ಅಂತಾರೆ."

ಅದು ನನ್ನ ದನಿಯಲ್ಲ ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಬೇಕಾದರೆ ಅವಳು ಕಣ್ಣು ಬಿಡಬೇಕಿತ್ತು. ಬೆರಳು ಉರಿದರೂ ಮೀಟುತ್ತಲೇ ಇದ್ದೆ.